ರವೆಕಾಳಿನಷ್ಟು ಕಣಜವೂ ಅದರ ನಾಮಕರಣವೂ

ಹರಿಕಥೆಗಳನ್ನು ಕೇಳಿ ಬೆಳೆದ ನಮ್ಮವರಿಗೆ ಕೀಟ-ಭ್ರಮರ ನ್ಯಾಯವನ್ನು ಹೊಸದಾಗಿ ಹೇಳಬೇಕಾಗಿಲ್ಲ. ಕುಂಬಾರ ಹುಳುವು ಎಲ್ಲಿಂದಲೋ ಒಂದು ಹಸುರು ಕೀಟವನ್ನು ಹಿಡಿದು ತಂದು, ಗೋಡೆಯ ಸಂದಿನಲ್ಲಿ ತಾನು ಕಟ್ಟಿದ ಮಣ್ಣಿನ ಕುಡಿಕೆಯೊಳಗಿಟ್ಟು ಬಾಯಿ ಮುಚ್ಚುವುದು. ಕತ್ತಲೆಯಲ್ಲಿ ಸಿಕ್ಕಿಬಿದ್ದ ಆ ಕೀಟವು ಭಯದಿಂದ ಭ್ರಮರವನ್ನೇ ಹಗಲಿರುಳು ನೆನೆನೆನೆದು ಕಡೆಗೆ ತಾನೂ ಭ್ರಮರವಾಗಿ ಕುಡಿಕೆಯನ್ನೊಡೆದು ಹಾರಿಹೋಗುವುದು. ದಾಸರು ಇದನ್ನು ಭಕ್ತಿಗೆ ದೃಷ್ಟಾಂತವಾಗಿ ಹೇಳುವರು. ದೃಷ್ಟಾಂತವು ದೃಷ್ಟಾಂತವಾಗಿಯೇ ಇರಲಿ. ಹಿಂದಿನವರು ಕಣ್ಣಾರೆ ನೋಡಿದ್ದು ಸುಳ್ಳಲ್ಲ. ಒಳಗೆ ಹೋದದ್ದು ಕೀಟ, ಹೊರಗೆ ಬಂದದ್ದು ಕಣಜ. ನಡುವೆ ಲೆಕ್ಕಕ್ಕೆ ಬಾರದೆ ಉಳಿದದ್ದು ಒಂದು ಮೊಟ್ಟೆ. ತಾಯಿ ಕಣಜವು ಕೀಟವನ್ನು ಕುಟುಕಿ ಮರಗಟ್ಟಿಸಿ, ಅದೇ ಕುಡಿಕೆಯಲ್ಲಿ ತನ್ನ ಮೊಟ್ಟೆಯನ್ನೂ ಇಟ್ಟಿರುತ್ತದೆ. ಮರಿಯು ಹುಟ್ಟಿದೊಡನೆ ಎದುರಿಗೆ ಎಲೆ ಹಾಕಿ ಬಡಿಸಿದಂತೆ ಊಟ ಸಿದ್ಧವಾಗಿರುವುದು. ಕೀಟವು ಧ್ಯಾನ ಮಾಡುವುದಿಲ್ಲ, ಪಾಪ, ಆಹಾರವಾಗುತ್ತದೆ.

ಕುಡಿಕೆ ಕಟ್ಟುವ ಈ ಕಣಜವನ್ನೂ, ಮಾಡಿನಡಿಯಲ್ಲಿ ಕಾಗದದಂತಹ ಗೂಡನ್ನು ಮಾಡುವ ಕಣಜವನ್ನೂ, ಜಿಲೇಬಿಯ ಪಾಕದ ಸುತ್ತ ಸುಳಿದಾಡಿ ಮಾಣಿಗಳ ಕೈಗೆ ಕುಟುಕುವ ಹಳದಿ ಕಣಜವನ್ನೂ ನಾವೆಲ್ಲ ಬಲ್ಲೆವು. ಕಾಗದದ ಗೂಡಿನ ಕಣಜಗಳಲ್ಲಿ ರೊಪಾಲಿಡಿಯಾ ಮಾರ್ಜಿನೇಟ ಎಂಬ ಒಂದು ಜಾತಿಯುಂಟು. ೧೮೩೬ರಲ್ಲಿ ಫ್ರಾನ್ಸಿನ ಲೆಪೆಲೆಟಿಯೆ ಎಂಬ ಪಂಡಿತನು ಅದನ್ನು ವರ್ಣಿಸಿದನು. ಆ ಒಂದೇ ಜಾತಿಯ ಸಂಸಾರ ವ್ಯವಹಾರವನ್ನು ದಶಕಗಳ ಕಾಲ ನೋಡಿ ಬೆಂಗಳೂರಿನ ಭಾರತೀಯ ವಿಜ್ಞಾನ ಮಂದಿರದ ರಾಘವೇಂದ್ರ ಗದಗಕರ ಅವರು ಲೋಕಪ್ರಸಿದ್ಧರಾದರು. ಆದರೆ ಹೀಗೆ ನಮ್ಮ ಕಣ್ಣಿಗೆ ಬೀಳುವ ಕಣಜಗಳು ಕಣಜಗಳ ಲೋಕದಲ್ಲಿ ಅಲ್ಪಸಂಖ್ಯಾತರು. ಬಹುಸಂಖ್ಯಾತರಾದವು ಗೂಡು ಕಟ್ಟುವ ಗೋಜಿಗೇ ಹೋಗುವುದಿಲ್ಲ. ಅವು ಜೀವಂತ ಕಂಬಳಿಹುಳದ ಮೈಯೊಳಗೋ, ಮೈಮೇಲೋ, ಇಲ್ಲವೆ ಬೇರೊಂದು ಹುಳುವಿನ ಮೊಟ್ಟೆಯೊಳಗೋ ತಮ್ಮ ಮೊಟ್ಟೆಯನ್ನಿಡುವುವು. ಮರಿಯು ಆ ಮೈಯನ್ನೇ ತಿಂದು ಬೆಳೆದು, ಬೆಳೆದಾದ ಮೇಲೆ ಆ ಹುಳುವನ್ನು ಕೊಂದು ಹೊರಬರುವುದು. ಮುಂಬಯಿಯ ಭಾಷೆಯಲ್ಲಿ ಹೇಳುವುದಾದರೆ, ಪಗಡಿ ಕೊಡದೆ ಬಂದು ಸೇರಿ, ಬಿಡುವಾಗ ಮನೆಯನ್ನೇ ಕೆಡವಿ ಹೋಗುವ ಬಾಡಿಗೆದಾರ. ಇವನ್ನು ಪರೋಪಜೀವಿ ಕಣಜಗಳೆನ್ನೋಣ. ಇವುಗಳಲ್ಲಿ ಅನೇಕವು ನಮ್ಮ ಅಡಿಗೆಮನೆಯ ರವೆಕಾಳಿಗಿಂತ ದೊಡ್ಡವಲ್ಲ. ಮನುಷ್ಯನನ್ನು ಕುಟುಕುವ ಯೋಚನೆಯೂ ಅವಕ್ಕಿಲ್ಲ.

ಇರುವೆ, ಜೇನು, ಕಣಜ ಇವೆಲ್ಲ ವಿದ್ವಾಂಸರ ವಿಂಗಡಣೆಯಲ್ಲಿ ಒಂದೇ ಗಣಕ್ಕೆ ಸೇರಿದವು. ಈ ಗಣದಲ್ಲಿ ಇಂದಿನವರೆಗೆ ವರ್ಣಿಸಿ ಹೆಸರಿಟ್ಟಿರುವ ಜಾತಿಗಳು ೧,೫೦,೦೦೦ಕ್ಕೂ ಹೆಚ್ಚು. ಹೆಸರಿಲ್ಲದೆ ಉಳಿದವು ಇದಕ್ಕಿಂತ ಬಹಳ ಹೆಚ್ಚೆಂಬುದರಲ್ಲಿ ಯಾರಿಗೂ ಸಂಶಯವಿಲ್ಲ, ಮತ್ತು ಅವು ಹೆಚ್ಚಾಗಿ ಇರುವುದು ಉಷ್ಣವಲಯದ ಕಾಡುಗಳಲ್ಲಿ.

ಇಷ್ಟು ಓದಿದ ವಾಚಕರು, ‘ರವೆಕಾಳಿನಷ್ಟರ ಹುಳುವಿಗೆ ಹೆಸರಿಲ್ಲದಿದ್ದರೆ ಯಾರ ಗಂಟು ಹೋಯಿತು?’ ಎಂದು ಕೇಳಬಹುದು. ನ್ಯಾಯವಾದ ಪ್ರಶ್ನೆ. ಗಲ್ಲೆಯ ಮೇಲೆ ಕುಳಿತು ಹಲವು ವರ್ಷ ಚಿಲ್ಲರೆ ಎಣಿಸಿದ ಈ ಲೇಖಕನಿಗೂ ಮೊದಲು ಹೊಳೆದ ಪ್ರಶ್ನೆ ಅದೇ. ಉತ್ತರವು ನಮ್ಮ ಹೋಟೆಲುಗಳ ಉಪವಾಸದ ದಿನದ ತಟ್ಟೆಯಲ್ಲಿಯೇ ಇದೆ.

ಏಕಾದಶಿ, ಸಂಕಷ್ಟಿ, ಶ್ರಾವಣ ಸೋಮವಾರ ಬಂದರೆ ಮುಂಬಯಿ ಪುಣೆಗಳಲ್ಲಿ ಸಾಬೂದಾಣೆಯ ಖಿಚಡಿಗೂ ವಡೆಗೂ ಎಷ್ಟು ಗಿರಾಕಿಯೆಂಬುದನ್ನು ನಮ್ಮ ಭಟ್ಟರಿಗೆ ಹೇಳಿಕೊಡಬೇಕೆ? ಆ ಸಾಬೂದಾಣೆಯು ಧಾನ್ಯವಲ್ಲ, ಮರಗೆಣಸಿನ ಹಿಟ್ಟಿನಿಂದ ಮಾಡಿದ ಕಾಳು. ಅದರ ದೊಡ್ಡ ಕಾರಖಾನೆಗಳಿರುವುದು ತಮಿಳುನಾಡಿನ ಸೇಲಂ ಸೀಮೆಯಲ್ಲಿ. ಈ ಮರಗೆಣಸಿನ ಮೂಲಸ್ಥಾನ ದಕ್ಷಿಣ ಅಮೇರಿಕ. ಪೋರ್ಚುಗೀಸರ ಹಡಗುಗಳಲ್ಲಿ ಅದು ಆಫ್ರಿಕಕ್ಕೆ ಹೋಗಿ ಅಲ್ಲಿ ಕೋಟಿಗಟ್ಟಲೆ ಬಡವರ ನಿತ್ಯದ ಅನ್ನವಾಯಿತು. ಗೆಣಸು ಹೋಯಿತು, ಆದರೆ ಗೆಣಸಿನ ಶತ್ರುಗಳು ಹಿಂದೆಯೇ ಉಳಿದವು. ಆದುದರಿಂದ ಶತಮಾನಗಳ ಕಾಲ ಬೆಳೆಗೆ ಅಷ್ಟೊಂದು ಬಾಧೆಯಿರಲಿಲ್ಲ.

೧೯೭೦ರ ದಶಕದ ಮೊದಲಲ್ಲಿ ಕಾಂಗೋ ಸೀಮೆಯಲ್ಲಿ ಮರಗೆಣಸಿನ ಚಿಗುರುಗಳು ಸುರುಟಿಕೊಂಡು ಒಣಗತೊಡಗಿದವು. ಚಿಗುರಿನ ಮೇಲೆ ಮೈದಾ ಉದುರಿಸಿದಂತೆ ಬಿಳಿಯ ಪುಡಿ. ಆ ಪುಡಿಯೊಳಗೆ ರಸ ಹೀರುತ್ತ ಕುಳಿತಿರುವ ಹಿಟ್ಟುತಿಗಣೆ. ಗಾಳಿಯಲ್ಲಿಯೂ, ನೆಡಲು ಒಯ್ಯುವ ಕಾಂಡದ ತುಂಡುಗಳಲ್ಲಿಯೂ ಸಾಗಿ ಅದು ರಾಜ್ಯದಿಂದ ರಾಜ್ಯಕ್ಕೆ ಹಬ್ಬಿತು. ಸುಮಾರು ೨೦ ಕೋಟಿ ಜನರ ಅನ್ನಕ್ಕೆ ಸಂಚಕಾರ ಬಂತು. ಹೊಲವೇ ಸಾಲದ ಬಡ ರೈತನಿಗೆ ವಿಷ ಸಿಂಪಡಿಸುವ ಹಣವೆಲ್ಲಿಯದು? ಶತ್ರುವಿನ ಶತ್ರುವನ್ನು ಅದರ ತವರಿನಿಂದ ಕರೆತರುವುದೊಂದೇ ಉಪಾಯ. ೧೯೭೭ರಲ್ಲಿ ಫ್ರಾನ್ಸಿನ ಮಾತಿಲ್-ಫೆರೆರೋ ಎಂಬ ವಿದುಷಿಯು ಈ ತಿಗಣೆಯು ಅದುವರೆಗೆ ಯಾರೂ ವರ್ಣಿಸದ ಹೊಸ ಜಾತಿಯೆಂದು ತೋರಿಸಿ, ಫೆನಕಾಕಸ್ ಮನಿಹೋಟಿ ಎಂದು ಹೆಸರಿಟ್ಟರು.

ಇನ್ನು ಅದರ ತವರನ್ನು ಹುಡುಕಬೇಕು. ವಿಜ್ಞಾನಿಗಳು ಮಧ್ಯ ಅಮೇರಿಕದಲ್ಲಿಯೂ ದಕ್ಷಿಣ ಅಮೇರಿಕದ ಉತ್ತರ ಭಾಗದಲ್ಲಿಯೂ ಅಲೆದರು. ಮರಗೆಣಸಿನ ಮೇಲೆ ಹಿಟ್ಟುತಿಗಣೆ ಸಿಕ್ಕಿತು. ಅದರ ಮೈಯಿಂದ ಹೊರಬಂದ ಪರೋಪಜೀವಿ ಕಣಜಗಳೂ ಸಿಕ್ಕವು. ಎಲ್ಲರಿಗೂ ಸಂತೋಷವಾಯಿತು. ಆದರೆ ಆ ಕಣಜಗಳು ಆಫ್ರಿಕದ ತಿಗಣೆಯನ್ನು ಒಪ್ಪಲೊಲ್ಲವು! ಕೊನೆಗೆ ಸೂಕ್ಷ್ಮದರ್ಶಕದ ಕೆಳಗಿಟ್ಟು ನೋಡಿದಾಗ ತಿಳಿದದ್ದೇನೆಂದರೆ, ಅಲ್ಲಿ ಸಿಕ್ಕ ತಿಗಣೆಯು ನೋಡಲು ಒಂದೇ ತೆರನಾದರೂ ಬೇರೆಯೇ ಜಾತಿಯದು. ಅದರಲ್ಲಿ ಗಂಡೂ ಹೆಣ್ಣೂ ಉಂಟು. ಆಫ್ರಿಕದ ತಿಗಣೆಯಲ್ಲಿ ಬರೀ ಹೆಣ್ಣು, ಗಂಡಿಲ್ಲದೆಯೇ ಸಂತಾನ. ಅಷ್ಟು ವರ್ಷಗಳ ಅಲೆದಾಟವು ಒಂದು ಮುಖಸಾಮ್ಯದಿಂದಾಗಿ ವ್ಯರ್ಥವಾಯಿತು. ತಪ್ಪು ವಿಳಾಸಕ್ಕೆ ಹೋದ ಮನಿಯಾರ್ಡರಿನ ಸಂಕಟವನ್ನು ಬಲ್ಲವರಿಗೆ ಇದು ಅರ್ಥವಾದೀತು. ೧೯೮೧ರಲ್ಲಿ ಬೆಲ್ಲೋಟಿ ಎಂಬ ವಿಜ್ಞಾನಿಗೆ ಬಹು ದೂರ ದಕ್ಷಿಣದ ಪರಾಗ್ವೆ ದೇಶದಲ್ಲಿ ನಿಜವಾದ ಮನಿಹೋಟಿ ತಿಗಣೆ ಸಿಕ್ಕಿತು. ಅದರ ಮೈಯಲ್ಲಿ ಅದರ ಯಮನಾದ ಒಂದು ಕಣಜವೂ ದೊರೆಯಿತು.

ಈ ಕಣಜಕ್ಕೆ ಆಗಲೇ ಹೆಸರಿತ್ತು. ೧೯೬೪ರಲ್ಲಿ ಆರ್ಜೆಂಟೀನ ದೇಶದ ಲೂಯಿಸ್ ದೆ ಸಾಂತಿಸ್ ಎಂಬ ಪಂಡಿತರು ತಮ್ಮ ದೇಶದ ಕಿರುಕಣಜಗಳನ್ನು ಕುರಿತು ಬರೆದ ಗ್ರಂಥದಲ್ಲಿ ಇದನ್ನು ವರ್ಣಿಸಿ, ಲೋಪೆಜಿ ಎಂದು ನಾಮಕರಣ ಮಾಡಿದ್ದರು. ಆಗ ಆಫ್ರಿಕದಲ್ಲಿ ತಿಗಣೆಯೂ ಇರಲಿಲ್ಲ, ಗೆಣಸಿಗೆ ಕೇಡೂ ಬಂದಿರಲಿಲ್ಲ. ಒಂದೆರಡು ಮಿಲಿಮೀಟರಿನ ಹುಳುವಿನ ಮೀಸೆಯ ಗೆಣ್ಣುಗಳನ್ನು ಎಣಿಸುತ್ತ ಕುಳಿತ ಆ ಮನುಷ್ಯನನ್ನು ನೋಡಿ ನೆರೆಹೊರೆಯವರು ಏನೆಂದುಕೊಂಡಿದ್ದರೋ! ಹದಿನೇಳು ವರ್ಷಗಳ ಮೇಲೆ ಅವರ ವರ್ಣನೆಯು ಕೆಲಸಕ್ಕೆ ಬಂತು. ಕಣಜವನ್ನು ಇಂಗ್ಲೆಂಡಿನಲ್ಲಿ ಪ್ರತ್ಯೇಕವಾಗಿಟ್ಟು ಪರೀಕ್ಷಿಸಿ, ನೈಜೀರಿಯದ ಇಬಾದಾನಿನ ಕೃಷಿ ಸಂಸ್ಥೆಗೆ ತಂದು, ಅಲ್ಲಿ ಸಾಕಿ ಬೆಳೆಸಿ ದೇಶದೇಶಗಳಲ್ಲಿ ಬಿಡಲಾಯಿತು. ತಿಗಣೆಯ ಹಾವಳಿ ತಗ್ಗಿತು. ಈ ಕಾರ್ಯವನ್ನು ನಡೆಸಿದ ಸ್ವಿಟ್ಜರ್ಲೆಂಡಿನ ಹಾನ್ಸ್ ಹೆರೆನ್ ಅವರಿಗೆ ೧೯೯೫ರಲ್ಲಿ ವಿಶ್ವ ಆಹಾರ ಪಾರಿತೋಷಕ ದೊರೆಯಿತು.

೨೦೨೦ರಲ್ಲಿ ಇದೇ ತಿಗಣೆಯು ಕೇರಳದ ತ್ರಿಶೂರಿನಲ್ಲಿ ಕಾಣಿಸಿಕೊಂಡಿತು. ಅಲ್ಲಿಂದ ಸೇಲಂ ಸೀಮೆಯ ಗೆಣಸಿನ ಹೊಲಗಳಿಗೆ ನುಗ್ಗಿತು. ಈ ಸಲ ಹತ್ತು ವರ್ಷ ಹುಡುಕಬೇಕಾಗಲಿಲ್ಲ. ತಿಗಣೆಯ ಹೆಸರು ಗೊತ್ತಿತ್ತು, ಅದರ ಯಮನ ಹೆಸರೂ ಗೊತ್ತಿತ್ತು. ಬೆಂಗಳೂರಿನ ರಾಷ್ಟ್ರೀಯ ಕೃಷಿ ಕೀಟ ಸಂಪನ್ಮೂಲ ಸಂಸ್ಥೆಯವರು ೨೦೨೧ರಲ್ಲಿ ಆಫ್ರಿಕದ ಬೆನಿನ್ ದೇಶದಿಂದ ಲೋಪೆಜಿ ಕಣಜವನ್ನು ತರಿಸಿ, ಪರೀಕ್ಷೆಗಳನ್ನು ಮುಗಿಸಿ, ೨೦೨೨ರ ಮಾರ್ಚಿಯಲ್ಲಿ ಸೇಲಂ ಜಿಲ್ಲೆಯ ಯೇತಾಪುರದಲ್ಲಿ ಹೊಲಕ್ಕೆ ಬಿಟ್ಟರು. ಆರ್ಜೆಂಟೀನದ ಗ್ರಂಥದಿಂದ ನಮ್ಮ ಖಿಚಡಿಯ ತಟ್ಟೆಯವರೆಗೆ ಹರಿದು ಬಂದ ದಾರಿ ಇದು.

ಇದೊಂದೇ ಅಲ್ಲ. ಪಪಾಯಿ ಹಣ್ಣಿಗೂ ಹಿಪ್ಪುನೇರಳೆಗೂ ಬಿದ್ದ ಬೇರೊಂದು ಹಿಟ್ಟುತಿಗಣೆಯು ೨೦೦೮ರಲ್ಲಿ ಕೊಯಮತ್ತೂರಿನಲ್ಲಿ ತೋರಿತು. ಅದನ್ನು ಮಣಿಸಿದ್ದು ಮೆಕ್ಸಿಕೋ ಮೂಲದ ಅಸೆರೋಫೇಗಸ್ ಪಪಾಯೇ ಎಂಬ ಕಣಜ. ಅದಕ್ಕೆ ಹೆಸರು ಬಂದದ್ದು ೨೦೦೩ರಲ್ಲಿ, ಅದು ಭಾರತಕ್ಕೆ ಬಂದದ್ದು ೨೦೧೦ರಲ್ಲಿ.

ಹಾಗಾದರೆ ನಾಮಕರಣ ಹೇಗೆ ನಡೆಯುವುದು? ನಮ್ಮ ಮನೆಗಳಲ್ಲಿ ಹನ್ನೆರಡನೆಯ ದಿನ ತೊಟ್ಟಿಲಿಗೆ ಹಾಕಿ ಕಿವಿಯಲ್ಲಿ ಉಸುರಿದರೆ ಮುಗಿಯಿತು. ಇಲ್ಲಿ ಅಷ್ಟು ಸುಲಭವಲ್ಲ.

ಮೊದಲು ಹುಳು ಕೈಗೆ ಬರಬೇಕು. ಸ್ವೀಡನ್ನಿನ ರೆನೆ ಮಲೇಸ್ ಎಂಬವನು ತನ್ನ ಡೇರೆಯೊಳಗೆ ಹೊಕ್ಕ ಕೀಟಗಳೆಲ್ಲ ಮೇಲಿನ ಮೂಲೆಗೆ ಹೋಗಿ ಸೇರುವುದನ್ನು ಗಮನಿಸಿ, ೧೯೩೦ರ ದಶಕದಲ್ಲಿ ಡೇರೆಯಂತಹದೇ ಒಂದು ಬಲೆಯನ್ನು ಹೊಲಿಸಿದನು. ಮೂಲೆಯಲ್ಲಿ ಮದ್ಯಸಾರದ ಸೀಸೆ. ಇಂದಿಗೂ ಕಾಡುಗಳಲ್ಲಿ ಇದೇ ಬಲೆ ಬಳಕೆಯಲ್ಲಿದೆ. ಸೀಸೆಗೆ ಬಿದ್ದ ಸಾವಿರಾರು ಹುಳುಗಳನ್ನು ವಿಂಗಡಿಸಿ, ಕಣಜವನ್ನು ತ್ರಿಕೋನದ ಸಣ್ಣ ರಟ್ಟಿನ ತುದಿಗೆ ಅಂಟಿಸಿ, ಸೂಜಿಗೆ ಚುಚ್ಚಿ, ಎಲ್ಲಿ ಯಾವಾಗ ಯಾರು ಹಿಡಿದರೆಂಬ ಚೀಟಿ ಕಟ್ಟುವರು. ಚೀಟಿಯಿಲ್ಲದ ಹುಳುವಿಗೆ ಬೆಲೆಯಿಲ್ಲ. ಇದನ್ನು ನಮ್ಮ ಗುಮಾಸ್ತ ಬಂಧುಗಳು ಒಪ್ಪುವರೆಂದು ನಂಬಿದ್ದೇವೆ. ಬಳಿಕ ರೆಕ್ಕೆಯ ನರಗಳ ಜಾಡು, ಮೀಸೆಯ ಗೆಣ್ಣುಗಳ ಸಂಖ್ಯೆ, ಮೊಟ್ಟೆಯಿಡುವ ಸೂಜಿಯ ಉದ್ದ, ಕಾಲಿನ ಬಣ್ಣ, ಬೆನ್ನಿನ ಮೇಲಿನ ಗೆರೆ ಕುಳಿಗಳು ಇವನ್ನೆಲ್ಲ ಅಳೆದು ಬರೆಯುವರು.

ಹಿಂದೆ ವರ್ಣಿಸಿದ ಜಾತಿಗಳೊಡನೆ ಹೋಲಿಸಲು ಒಂದು ಸಾಧನವುಂಟು. ಪಂಡಿತರು ಅದನ್ನು ಕೀಲಿಕೈಯೆನ್ನುವರು. ಗಿರಾಕಿ ಬಂದು ಕುಳಿತೊಡನೆ ಚುರುಕಾದ ಮಾಣಿಯು ಕೇಳುವುದಿಲ್ಲವೆ? ಊಟವೋ ತಿಂಡಿಯೋ? ತಿಂಡಿಯಾದರೆ ಸಿಹಿಯೋ ಖಾರವೋ? ಖಾರವಾದರೆ ಹಬೆಯದೋ ಕಾವಲಿಯದೋ? ಕಾವಲಿಯದಾದರೆ ಸಾದಾವೋ ಮಸಾಲೆಯೋ? ನಾಲ್ಕು ಪ್ರಶ್ನೆಗಳಲ್ಲಿ ಮಸಾಲೆ ದೋಸೆಗೆ ಬಂದು ನಿಲ್ಲುವನು. ಕಣಜಗಳ ಕೀಲಿಕೈಯೂ ಹೀಗೆಯೇ ಎರಡೆರಡು ದಾರಿಯ ಪ್ರಶ್ನೆಗಳ ಸರಣಿ. ಕೊನೆಯ ಪ್ರಶ್ನೆಯವರೆಗೆ ಹೋದರೂ ಯಾವ ಹಳೆಯ ಹೆಸರಿಗೂ ಹೊಂದದಿದ್ದರೆ ಅದು ಹೊಸ ಜಾತಿಯಿರಬಹುದು. ‘ಇರಬಹುದು’ ಎಂದೇ ಹೇಳಬೇಕು. ಏಕೆಂದರೆ ನೂರು ವರ್ಷಗಳ ಹಿಂದೆ ಯಾವನೋ ಒಬ್ಬನು ಬೇರೆ ಭಾಷೆಯ ಯಾವುದೋ ಪತ್ರಿಕೆಯಲ್ಲಿ ಇದೇ ಹುಳುವಿಗೆ ಹೆಸರಿಟ್ಟಿದ್ದರೆ ಆ ಹೆಸರೇ ಊರ್ಜಿತ, ಹೊಸತು ರದ್ದು. ಮೊದಲು ಪ್ರಕಟಿಸಿದವನದೇ ಹಕ್ಕು. ಪ್ರಾಣಿಗಳ ಹೆಸರಿನ ಈ ಲೆಕ್ಕವು ೧೭೫೮ರಿಂದ ಆರಂಭವಾಗುವುದು, ಸ್ವೀಡನ್ನಿನ ಲಿನೇಯಸನ ಗ್ರಂಥದ ಹತ್ತನೆಯ ಆವೃತ್ತಿ ಹೊರಬಂದ ವರ್ಷದಿಂದ.

ಇದು ನಿಶ್ಚಯವಾದ ಮೇಲೆ ಒಂದು ಹುಳುವನ್ನು ಮೂಲಪ್ರತಿಯೆಂದು ಆರಿಸಿ, ಕೆಂಪು ಚೀಟಿ ಹಚ್ಚಿ, ವಸ್ತುಸಂಗ್ರಹಾಲಯದಲ್ಲಿ ಇಡುವರು. ಮುಂದೆ ಎಂದು ವಿವಾದ ಹುಟ್ಟಿದರೂ ಆ ಮೂಲಪ್ರತಿಯೇ ಸಾಕ್ಷಿ. ದಸ್ತೈವಜಿನ ಅಸಲು ನೋಂದಣಿ ಕಚೇರಿಯಲ್ಲಿರುವಂತೆ. ಹೆಸರಿನಲ್ಲಿ ಎರಡು ಪದಗಳು; ಮೊದಲನೆಯದು ಮನೆತನದಂತೆ, ಎರಡನೆಯದು ಆ ಜಾತಿಗೇ ಸ್ವಂತ. ಪಂಡಿತರಿಗೆ ಮನೆತನದ ವಿಷಯದಲ್ಲಿ ಮನಸ್ಸು ಬದಲಾಗುವುದುಂಟು. ನಮ್ಮ ಲೋಪೆಜಿಯನ್ನು ದೆ ಸಾಂತಿಸರು ಅಪೋಅನಗೈರಸ್ ಮನೆಗೆ ಸೇರಿಸಿದ್ದರು. ನಡುವೆ ಎಪಿಡಿನೋಕಾರ್ಸಿಸ್ ಮನೆಗೆ ಹೋಯಿತು. ಈಗ ಅನಗೈರಸ್ ಮನೆಯಲ್ಲಿದೆ. ದತ್ತು ಹೋದ ಮಗುವಿನಂತೆ ಮನೆ ಬದಲಾದರೂ ಎರಡನೆಯ ಹೆಸರು ಬದಲಾಗಲಿಲ್ಲ. ಹೀಗೆ ಮನೆ ಬದಲಾದಾಗ ಮೊದಲು ವರ್ಣಿಸಿದವರ ಹೆಸರನ್ನು ಕಂಸದೊಳಗೆ ಬರೆಯಬೇಕೆಂಬುದು ನಿಯಮ.

ಗೌರವಕ್ಕಾಗಿ ಮನುಷ್ಯರ ಹೆಸರನ್ನಿಡುವುದಾದರೆ ಲ್ಯಾಟಿನ್ ಭಾಷೆಯ ಷಷ್ಠೀ ವಿಭಕ್ತಿಯ ಪ್ರತ್ಯಯ ಹಚ್ಚುವರು. ಗಂಡಸಿನ ಹೆಸರಿಗೆ ‘ಇ’, ಹೆಂಗಸಿನ ಹೆಸರಿಗೆ ‘ಏ’. ಲೋಪೆಜಿ ಎಂದರೆ ‘ಲೋಪೆಜನ’ ಎಂದಾಯಿತು. ಹೆಚ್ಚಾಗಿ ಇಂತಹ ಗೌರವವು ಗುರುಗಳಿಗೆ, ಪ್ರೊಫೆಸರರಿಗೆ, ಹಣ ಕೊಟ್ಟ ಶ್ರೀಮಂತರಿಗೆ ಸಲ್ಲುವುದು ಲೋಕರೂಢಿ. ಆ ರೂಢಿಯನ್ನು ಮೀರಿದ ಒಂದು ಸಂಗತಿಯನ್ನು ಹೇಳುವುದಕ್ಕಾಗಿಯೇ ನಾವು ಈ ಲೇಖನಕ್ಕೆ ಕೈಹಾಕಿದೆವು.

ಮಧ್ಯ ಅಮೇರಿಕದಲ್ಲಿ ಕೋಸ್ಟರಿಕಾ ಎಂಬ ಚಿಕ್ಕ ದೇಶವುಂಟು. ಅದರ ವಾಯವ್ಯಕ್ಕೆ ಗ್ವಾನಕಾಸ್ತೆ ಎಂಬ ರಕ್ಷಿತಾರಣ್ಯ. ಡೇನಿಯಲ್ ಜಾನ್ಜೆನ್ ಎಂಬ ಅಮೇರಿಕದ ಪ್ರೊಫೆಸರರೂ ಅವರ ಪತ್ನಿ ವಿನಿ ಹಾಲ್‌ವಾಕ್ಸ್ ಅವರೂ ತಮ್ಮ ಬಾಳನ್ನೇ ಆ ಕಾಡಿಗೆ ತೆತ್ತವರು. ೧೯೭೮ರಿಂದ ಅಲ್ಲಿ ಒಂದು ಕೆಲಸ ನಡೆದುಬಂದಿದೆ. ಎಲೆಯ ಮೇಲೆ ಕಂಡ ಕಂಬಳಿಹುಳವನ್ನು ಎಲೆಯ ಸಮೇತ ತ��ದು ಚೀಲದಲ್ಲಿ ಹಾಕಿ, ಅದಕ್ಕೊಂದು ನಂಬರು ಕೊಟ್ಟು, ದಿನವೂ ತಾಜಾ ಎಲೆ ಹಾಕಿ, ಕೊಳೆ ತೆಗೆದು ಸಾಕುವುದು. ಏನು ಹೊರಬರುವುದೋ ಕಾದು ನೋಡುವುದು. ಪತಂಗ ಬಂದರೆ ಇಂತಹ ಹುಳುವಿನಿಂದ ಇಂತಹ ಪತಂಗವೆಂದು ದಾಖಲೆ. ಕಣಜ ಬಂದರೆ ಇಂತಹ ಗಿಡದ ಇಂತಹ ಹುಳುವನ್ನು ತಿನ್ನುವ ಕಣಜ ಇಂತಹುದೆಂದು ದಾಖಲೆ. ಬಲೆಗೆ ಬಿದ್ದ ಕಣಜದ ಸಂಸಾರ ನಮಗೆ ತಿಳಿಯುವುದಿಲ್ಲ. ಹೀಗೆ ಹುಟ್ಟಿದ ಕಣಜದ ಜಾತಕವೇ ಕೈಯಲ್ಲಿರುವುದು. ಮೂವತ್ತನಾಲ್ಕು ವರ್ಷಗಳಲ್ಲಿ ಹೀಗೆ ಸಾಕಿದ ಹುಳುಗಳ ಸಂಖ್ಯೆ ಐದು ಲಕ್ಷವನ್ನು ಮೀರಿತು.

ಐದು ಲಕ್ಷ ಹುಳುಗಳನ್ನು ಸಾಕಿದವರು ಯಾರು? ಪದವೀಧರರಲ್ಲ. ಆ ಕಾಡಿನ ಅಂಚಿನ ಹಳ್ಳಿಗಳ ಸಾಮಾನ್ಯ ಗಂಡಸರು ಹೆಂಗಸರು. ಹೊಲಗೆಲಸ, ಮನೆಗೆಲಸ ಮಾಡಿಕೊಂಡಿದ್ದವರು. ಶಾಲೆಯಲ್ಲಿ ಹೆಚ್ಚು ಓದದವರು. ೧೯೮೯ರಿಂದ ಇಂತಹವರನ್ನು ಆರಿಸಿ, ಕೆಲವು ತಿಂಗಳ ತರಬೇತಿ ಕೊಟ್ಟು, ಸಂಬಳದ ಮೇಲೆ ನಿಯಮಿಸಿದರು. ವೈದ್ಯರಿಗೆ ಕಂಪೌಂಡರು ಇದ್ದಂತೆ ಇವರು ವರ್ಗೀಕರಣದ ಪಂಡಿತರಿಗೆ ಸಹಾಯಕರು ಎಂಬ ಅರ್ಥ ಬರುವ ಒಂದು ಹುದ್ದೆಯ ಹೆಸರೂ ಅವರಿಗೆ ಉಂಟು. ಹಗಲೆಲ್ಲ ಇಡ್ಲಿ ತಟ್ಟೆ ತೊಳೆದು ರಾತ್ರಿ ಶಾಲೆಯಲ್ಲಿ ಅಕ್ಷರ ಕಲಿತ ನಮ್ಮ ಹುಡುಗರನ್ನು ಕಂಡವರಿಗೆ ಇಂತಹವರ ಸಾಮರ್ಥ್ಯದ ವಿಷಯದಲ್ಲಿ ಆಶ್ಚರ್ಯವಾಗಲಾರದು. ವರ್ಷಗಟ್ಟಲೆ ನೋಡಿನೋಡಿ ಅವರ ಕಣ್ಣು ಎಷ್ಟು ಪಳಗಿತೆಂದರೆ, ವಿದೇಶದ ಪ್ರೊಫೆಸರರಿಗೆ ಒಂದೇ ಆಗಿ ಕಂಡ ಹುಳುಗಳಲ್ಲಿ ಎರಡನ್ನು ಅವರು ಬೇರ್ಪಡಿಸಬಲ್ಲವರಾದರು.

೨೦೧೪ರಲ್ಲಿ ಕೆನಡದ ಹೊಸೆ ಫೆರ್ನಾಂದೆಸ್-ತ್ರಿಯಾನ ಎಂಬ ವಿದ್ವಾಂಸರು ಜಾನ್ಜೆನ್ ಮುಂತಾದವರೊಡನೆ ೫೬೫ ಪುಟಗಳ ಒಂದು ಪ್ರಬಂಧವನ್ನು ಪ್ರಕಟಿಸಿದರು. ಅಪಾಂಟೆಲೀಸ್ ಎಂಬ ಒಂದೇ ಒಂದು ಮನೆತನದ ಕಣಜಗಳನ್ನು ಕುರಿತದ್ದು. ಮೆಕ್ಸಿಕೋದಿಂದ ಪನಾಮದವರೆಗಿನ ಸೀಮೆಯಲ್ಲಿ ಅದುವರೆಗೆ ಹೆಸರಿದ್ದ ಜಾತಿಗಳು ೧೯. ಈ ಒಂದು ಕಾಡಿನಿಂದಲೇ ಹೊಸದಾಗಿ ವರ್ಣಿಸಿದವು ೧೮೬! ಇವುಗಳಲ್ಲಿ ಆಹಾರದ ಹುಳು ಯಾವುದೆಂದು ತಿಳಿದಿರುವ ಜಾತಿಗಳನ್ನು ನೋಡಿದರೆ, ನೂರಕ್ಕೆ ತೊಂಬತ್ತರಷ್ಟು ಕಣಜಗಳು ಒಂದೇ ಜಾತಿಯ ಇಲ್ಲವೆ ಒಂದೇ ಕುಟುಂಬದ ಕಂಬಳಿಹುಳಗಳನ್ನಲ್ಲದೆ ಬೇರೆಯದನ್ನು ಮುಟ್ಟುವುದಿಲ್ಲ. ಮಡಿವಂತ ಗಿರಾಕಿಗಳು. ಆಫ್ರಿಕದ ತಿಗಣೆಗೆ ತಪ್ಪು ಕಣಜ ಏಕೆ ಒಗ್ಗಲಿಲ್ಲವೆಂಬುದು ಇದರಿಂದ ತಿಳಿಯುವುದು.

ಆ ಹೊಸ ಜಾತಿಗಳಿಗೆ ಇಟ್ಟ ಹೆಸರುಗಳು ಯಾರವು? ಹುಳು ಹುಡುಕಿ ಸಾಕಿದ ಆ ಹಳ್ಳಿಯ ಸಹಾಯಕರವು, ಕಾಡಿನ ಬೇರೆಬೇರೆ ವಿಭಾಗಗಳಲ್ಲಿ ದುಡಿಯುವ ನೌಕರರವು. ಒಬ್ಬೊಬ್ಬರ ಪೂರ್ಣ ಹೆಸರನ್ನೂ ಕೂಡಿಸಿ ಬರೆದು, ಕೊನೆಗೆ ‘ಇ’ ಅಥವಾ ‘ಏ’ ಹಚ್ಚಿ, ಇಂತಹವರು ಇಂತಹ ವಿಭಾಗದಲ್ಲಿ ಶ್ರದ್ಧೆಯಿಂದ ದುಡಿದುದಕ್ಕಾಗಿ ಈ ಹೆಸರೆಂದು ಪ್ರಬಂಧದಲ್ಲಿಯೇ ನಮೂದಿಸಿದ್ದಾರೆ. ಹಕ್ಕು ಮೊದಲು ಪ್ರಕಟವಾದ ಹೆಸರಿಗೇ ಸಲ್ಲುವುದರಿಂದ ಈ ಹೆಸರುಗಳನ್ನು ಮುಂದಿನ ಯಾವ ಪಂಡಿತನೂ ತನ್ನ ಇಷ್ಟದಂತೆ ಅಳಿಸುವಂತಿಲ್ಲ. ಸಾವಿರಾರು ಎಲೆ ಬಡಿಸಿದರೂ ಬೋರ್ಡಿನ ಮೇಲೆ ತನ್ನ ಹೆಸರು ಕಾಣದವರೇ ನಮ್ಮ ವಾಚಕರಲ್ಲಿ ಹೆಚ್ಚು. ಅವರಿಗೆ ಈ ಸುದ್ದಿ ಹಿತವಾದೀತೆಂದು ಭಾವಿಸುತ್ತೇವೆ.

ಈ ಕೆಲಸದಲ್ಲಿ ಹೊಸ ಕಾಲದ ಒಂದು ಸಾಧನವೂ ನೆರವಿಗೆ ಬಂತು. ೨೦೦೩ರಲ್ಲಿ ಕೆನಡದ ಗ್ವೆಲ್ಫ್ ವಿಶ್ವವಿದ್ಯಾನಿಲಯದ ಪಾಲ್ ಹೆಬರ್ಟ್ ಅವರು, ಪ್ರಾಣಿಗಳ ಜೀವಕೋಶದಲ್ಲಿರುವ ವಂಶವಾಹಿಯ ಒಂದು ಚಿಕ್ಕ ತುಣುಕನ್ನು, ಸುಮಾರು ೬೫೦ ಅಕ್ಷರಗಳಷ್ಟನ್ನು, ಓದಿದರೆ ಜಾತಿಯನ್ನು ಗುರುತಿಸಬಹುದೆಂದು ಸೂಚಿಸಿದರು. ಅಂಗಡಿಯ ಡಬ್ಬದ ಮೇಲಿನ ಗೆರೆಗಳ ಬಾರ್‌ಕೋಡಿನ ಹೆಸರನ್ನೇ ಅದಕ್ಕೂ ಕೊಟ್ಟರು. ಕಣ್ಣಿಗೆ ಒಂದೇ ಎಂದು ಕಂಡ ಕಣಜಗಳು ಬಾರ್‌ಕೋಡಿನಲ್ಲಿ ಎರಡು ಮೂರಾಗಿ ಒಡೆದವು; ಜಾತಕ ತೆಗೆದು ನೋಡಿದರೆ ಅವು ತಿನ್ನುವ ಹುಳುಗಳೂ ಬೇರೆಬೇರೆ! ಎರಡು ಸಾಕ್ಷಿಗಳು ಒಂದೇ ಮಾತು ಹೇಳಿದಂತಾಯಿತು.

ಇಲ್ಲಿಂದ ಒಂದು ಜಗಳವೂ ಹುಟ್ಟಿತು. ೨೦೨೧ರಲ್ಲಿ ಮೈಕೆಲ್ ಶಾರ್ಕಿ ಮತ್ತು ಅವರ ಸಂಗಡಿಗರು ಕೋಸ್ಟರಿಕಾದ ೪೦೩ ಹೊಸ ಕಣಜಗಳನ್ನು ಒಂದೇ ಪ್ರಬಂಧದಲ್ಲಿ ಪ್ರಕಟಿಸಿದರು. ರೆಕ್ಕೆ, ಮೀಸೆಗಳ ಉದ್ದುದ್ದ ವರ್ಣನೆಯಿಲ್ಲ. ಹೆಚ್ಚಿನ ಜಾತಿಗಳಿಗೆ ಒಂದು ಚಿತ್ರ, ಬಾರ್‌ಕೋಡಿನ ಅಕ್ಷರಗಳು, ತಿಳಿದಿದ್ದರೆ ಆಹಾರದ ಹುಳು, ಇಷ್ಟೆ. ಹಳೆಯ ರೀತಿಯಲ್ಲಿ ಒಂದೊಂದನ್ನೇ ವರ್ಣಿಸುತ್ತ ಕುಳಿತರೆ ಕಾಡು ಮುಗಿದರೂ ಪಟ್ಟಿ ಮುಗಿಯದೆಂಬುದು ಅವರ ವಾದ. ಬೇರೆ ಪಂಡಿತರು ಒಪ್ಪಲಿಲ್ಲ. ಒಂದೇ ತುಣುಕನ್ನು ನಂಬಿದರೆ ಒಂದು ಜಾತಿಯನ್ನು ಎರಡೆಂದೋ ಎರಡನ್ನು ಒಂದೆಂದೋ ಎಣಿಸುವ ಅಪಾಯವುಂಟು, ಮೇಲಾಗಿ ಯಂತ್ರವಿಲ್ಲದವನು ಈ ಕಣಜಗಳನ್ನು ಗುರುತಿಸುವುದು ಹೇಗೆ ಎಂದು ಕೇಳಿದರು.

ನಮ್ಮ ಅಭಿಪ್ರಾಯವನ್ನು ಯಾರೂ ಕೇಳಿಲ್ಲವಾದರೂ ಹೇಳಿಬಿಡುತ್ತೇವೆ. ಅವಸರದ ವಾದದಲ್ಲಿ ಬಲವಿದೆ. ಅಪಾಂಟೆಲೀಸಿನ ಮನೆತನವೂ ಸೇರಿದ ಉಪಕುಟುಂಬದ ಪಟ್ಟಿಯನ್ನು ೨೦೨೦ರಲ್ಲಿ ಎಣಿಸಿದಾಗ ಲೋಕದಲ್ಲೆಲ್ಲ ಸೇರಿ ೨,೯೯೯ ಜಾತಿಗಳಾದವು (ಬೂಟಿನ ಅಂಗಡಿಯ ಬೆಲೆಯಂತೆ ಮೂರು ಸಾವಿರಕ್ಕೆ ಒಂದು ಕಡಿಮೆ). ಒಂದು ಸೀಮೆಯ ಒಂದು ಮನೆತನದಲ್ಲಿ ಹತ್ತೊಂಬತ್ತು ಇದ್ದದ್ದು ಇನ್ನೂರ ಐದಾದುದನ್ನು ನೋಡಿದರೆ ಈ ಲೆಕ್ಕ ಎಷ್ಟು ಕಡಿಮೆಯದೆಂದು ಊಹಿಸಬಹುದು. ಆದರೂ ಶಿರಸಿಯಲ್ಲಿಯೋ ಆಗುಂಬೆಯಲ್ಲಿಯೋ ಒಂದು ದುರ್ಬೀನು ಹಿಡಿದು ಕುಳಿತ ಉಪಾಧ್ಯಾಯನು ಓದಿ ಗುರುತಿಸುವಂತಹ ನಾಲ್ಕು ಮಾತುಗಳನ್ನು ಬಾರ್‌ಕೋಡಿನ ಪಕ್ಕದಲ್ಲಿ ಬರೆದಿದ್ದರೆ ಏನು ಕಳೆಯುತ್ತಿತ್ತು? ಮೆನುವಿನಲ್ಲಿ ಬರೀ ನಂಬರು ಬರೆದು ತಿಂಡಿಯ ಹೆಸರು ಬರೆಯದ ಹೋಟೆಲಿಗೆ ಗಿರಾಕಿ ಎರಡನೆಯ ಸಲ ಬರಲಾರನು.

ಹುಳು ಸಾಕಿ ನೋಡುವ ಪದ್ಧತಿಯು ನಮ್ಮ ನಾಡಿಗೆ ಹೊಸತೇನಲ್ಲ. ಮುಂಬಯಿ ಇಲಾಖೆಯಲ್ಲಿದ್ದ ಕಾಲದ ಉತ್ತರ ಕನ್ನಡ ಜಿಲ್ಲೆಯಲ್ಲಿ, ಕಾರವಾರದ ಸುತ್ತಮುತ್ತ, ಮೂವರು ಅಧಿಕಾರಿಗಳಿದ್ದರು. ಕಲೆಕ್ಟರ್ ಡೇವಿಡ್ಸನ್, ಅರಣ್ಯ ಇಲಾಖೆಯ ಬೆಲ್, ಉಪ್ಪು ಸುಂಕದ ಇಲಾಖೆಯ ಏಟ್ಕೆನ್. ಜಿಲ್ಲೆಯ ಕಂಬಳಿಹುಳಗಳನ್ನು ತರಿಸಿ ಸಾಕಿ, ಯಾವುದರಿಂದ ಯಾವ ಚಿಟ್ಟೆಯೆಂಬುದನ್ನು ೧೮೯೬ರಿಂದ ಮುಂಬಯಿ ನ್ಯಾಚುರಲ್ ಹಿಸ್ಟರಿ ಸೊಸೈಟಿಯ ಪತ್ರಿಕೆಯಲ್ಲಿ ಪ್ರಕಟಿಸಿದರು. ಬೆಲ್ ಸಾಹೇಬರು ನಿವೃತ್ತರಾದ ಮೇಲೂ ಕಾರವಾರ ಬಿಡದೆ, ೧೯೪೮ರಲ್ಲಿ ಅಲ್ಲಿಯೇ ತೀರಿಕೊಂಡರು. ಆದರೆ ಅವರ ದೃಷ್ಟಿಯೆಲ್ಲ ಚಿಟ್ಟೆ ಪತಂಗಗಳ ಮೇಲೆ. ಚಿಟ್ಟೆಗಾಗಿ ಕಾದವನಿಗೆ ಕಣಜ ಹೊರಬಂದರೆ ನಷ್ಟ.

ನಮ್ಮ ದೇಶದ ಕಣಜಗಳಿಗೆ ದೊಡ್ಡ ಗ್ರಂಥವೆಂದರೆ ೧೮೯೭ರಲ್ಲಿ ಕರ್ನಲ್ ಬಿಂಗ್‌ಹ್ಯಾಮ್ ಬರೆದದ್ದು. ಅದರಲ್ಲಿ ಕುಟುಕುವ ಕಣಜಗಳೂ ಜೇನುಗಳೂ ಇವೆ. ಕಿರುಕಣಜಗಳಲ್ಲಿ ಬಹಳಷ್ಟಕ್ಕೆ ಹೆಸರಿಟ್ಟವನು ಬ್ರಿಟನ್ನಿನ ಪೀಟರ್ ಕ್ಯಾಮೆರೋನ್. ಅವನು ವರ್ಣಿಸಿದ ಜಾತಿಗಳು ಲೆಕ್ಕವಿಲ್ಲದಷ್ಟು. ಆದರೆ ಅವನ ವರ್ಣನೆಗಳು ಅವಸರದವು, ಅಸ್ಪಷ್ಟವಾದವು ಎಂಬ ದೂರು ಆಗಿನಿಂದ ಈಗಿನವರೆಗೂ ಉಂಟು. ಆ ವಾಕ್ಯಗಳನ್ನು ಎಷ್ಟು ಓದಿದರೂ ಹುಳು ಕಣ್ಣಿಗೆ ಕಟ್ಟುವುದಿಲ್ಲ. ಮೂಲಪ್ರತಿಗಳು ಲಂಡನ್ನಿನಲ್ಲಿಯೂ ಆಕ್ಸ್‌ಫರ್ಡಿನಲ್ಲಿಯೂ ಇವೆ. ಈ ಪರಾಧೀನತೆಯನ್ನು ಕಳೆಯಲು ದುಡಿದವರಲ್ಲಿ ಕೇರಳದ ಕೋಳಿಕ್ಕೋಡು ವಿಶ್ವವಿದ್ಯಾನಿಲಯದ ಪ್ರೊಫೆಸರ್ ಟಿ. ಸಿ. ನರೇಂದ್ರನ್ ಮುಖ್ಯರು. ೨೦೧೩ರಲ್ಲಿ ತೀರಿಕೊಳ್ಳುವವರೆಗೂ ಕಿರುಕಣಜಗಳನ್ನು ವರ್ಣಿಸಿ, ಶಿಷ್ಯರನ್ನು ತಯಾರಿಸಿದರು. ೨೦೦೨ರ ಜೀವವೈವಿಧ್ಯ ಕಾಯಿದೆಯ ಪ್ರಕಾರ ಭಾರತದಲ್ಲಿ ಯಾರೇ ಹೊಸ ಜಾತಿಯನ್ನು ಕಂಡುಹಿಡಿದರೂ ಅದರ ಮಾದರಿಯನ್ನು ಸರಕಾರವು ಗೊತ್ತುಮಾಡಿದ ಸಂಗ್ರಹಾಲಯದಲ್ಲಿ ಒಪ್ಪಿಸತಕ್ಕದ್ದು. ಲೋಪೆಜಿಯನ್ನು ತರಿಸಿದ ಬೆಂಗಳೂರಿನ ಸಂಸ್ಥೆಯೂ ಅಂತಹ ಸಂಗ್ರಹಾಲಯಗಳಲ್ಲಿ ಒಂದು.

ಹೊಸ ಕಣಜಗಳ ಕೆಂಪು ಚೀಟಿ ಇನ್ನು ನಮ್ಮಲ್ಲಿಯೇ ಉಳಿಯುವುದು. ಹಳೆಯವುಗಳ ಮಾತು ಬೇರೆ. ಸಹ್ಯಾದ್ರಿಯ ಒಂದು ಕಿರುಕಣಜವು ಕ್ಯಾಮೆರೋನನು ಹೆಸರಿಟ್ಟದ್ದೋ ಅಥವಾ ಹೊಸದೋ ಎಂಬ ಸಂಶಯ ಬಂದರೆ, ನಮ್ಮ ಹುಡುಗರು ಇಂದಿಗೂ ಲಂಡನ್ನಿನ ಮ್ಯೂಸಿಯಮ್ಮಿಗೆ ಬರೆದು ಆ ಹಳೆಯ ಹುಳುವಿನ ಚಿತ್ರ ತರಿಸಬೇಕು, ಇಲ್ಲವೆ ಹಣ ಕೂಡಿಸಿಕೊಂಡು ಅಲ್ಲಿಗೇ ಹೋಗಿ ಡ್ರಾಯರು ತೆಗೆಸಿ ನೋಡಬೇಕು.